ಅಟ್ಟದ ಕಾಯಿ, ಹಗೇವಿನ ರಾಗಿ: ಬಿಸಿಗಾಳಿ ನುಸುಳುವ ದಾರಿ

ತುಮಕೂರಿನ ಬಟವಾಡಿಯ ಎಪಿಎಂಸಿ ಅಂಗಳಕ್ಕೆ ಬರುವ ಸರಕಿನಲ್ಲಿ ಎರಡು ಜಾತಿಯವು ಇವೆ. ಒಂದು, ಒಣಗಿದರೆ ಮಾತ್ರ ಬೆಲೆ ಬರುವಂಥದ್ದು. ಕೊಬ್ಬರಿ ಈ ಸಾಲಿನದು. ಇನ್ನೊಂದು, ಕಣದಲ್ಲೇ ಒಣಗಿ ಬಂದಿರುವ, ಆದರೆ ಮತ್ತೆ ತೇವ ಕುಡಿಯದಂತೆ ಕಾಯಬೇಕಾದದ್ದು. ರಾಗಿ ಆ ಸಾಲಿನದು. ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಬೇಸಾಯದ ಮನೆಗಳಲ್ಲಿ ರಾಗಿಗೂ ಕಾಯಿಗೂ ಜಾಗ ಗೊತ್ತಾಗಿತ್ತು. ತೆಂಗಿನಕಾಯಿ ತಲೆಯ ಮೇಲಿನ ಅಟ್ಟಕ್ಕೆ, ರಾಗಿ ನೆಲದೊಳಗಿನ ಹಗೇವಿಗೆ.

ಇದನ್ನು ತಿರುಗುಮುರುಗು ಮಾಡಿದ್ದರೆ ಏನಾಗುತ್ತಿತ್ತು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಗೊತ್ತು. ಹಗೇವಿಗೆ ಸುರಿದ ಕಾಯಿ ಕೊಬ್ಬರಿಯಾಗುವ ಮೊದಲೇ ಕೊಳೆತು ನಾರುತ್ತದೆ. ಅಟ್ಟದ ದಬ್ಬೆಯ ಮೇಲೆ ಹರವಿದ ರಾಗಿ ಮಳೆಗಾಲದ ಗಾಳಿಯಿಂದ ತೇವ ಎಳೆದುಕೊಂಡು ಮುಗ್ಗಲು ಹಿಡಿಯುತ್ತದೆ. ಆದರೆ ಏಕೆ ಎಂಬ ಪ್ರಶ್ನೆಯನ್ನು ಸ್ವಲ್ಪ ಕೆದಕಿದರೆ ಭೌತವಿಜ್ಞಾನದ ಒಂದು ಸೊಗಸಾದ ಅಧ್ಯಾಯ ತೆರೆದುಕೊಳ್ಳುತ್ತದೆ. ಸಂದುಗೊಂದು ತುಂಬಿದ ವಸ್ತುವಿನೊಳಗೆ, ಫ್ಯಾನಿಲ್ಲದೆ ಪಂಪಿಲ್ಲದೆ, ಬರೀ ಬಿಸಿಯ ಬಲದಿಂದ ಗಾಳಿಯೋ ನೀರೋ ಹರಿಯುವ ಬಗೆಯ ಅಧ್ಯಾಯ ಅದು. ಗಣಿತಜ್ಞರು ಇದನ್ನು ‘ಸರಂಧ್ರ ಮಾಧ್ಯಮದಲ್ಲಿ ಸಹಜ ಸಂವಹನ’ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ. ಸರಂಧ್ರ ಎಂದರೆ ತೂತುಗಳಿಂದ ಕೂಡಿದ್ದು, ಅಷ್ಟೆ.

ಮೊದಲು ಒಂದು ಸೋಜಿಗ. ಒಂದು ಕೋಣೆಯ ತುಂಬ ರಾಗಿ ಸುರಿಯಿರಿ, ಅಷ್ಟೇ ದೊಡ್ಡ ಇನ್ನೊಂದು ಕೋಣೆಯ ತುಂಬ ತೆಂಗಿನಕಾಯಿ ಸುರಿಯಿರಿ. ಯಾವುದರಲ್ಲಿ ಹೆಚ್ಚು ಗಾಳಿ ಉಳಿದಿರುತ್ತದೆ? ಕಾಯಿಯ ಕೋಣೆಯಲ್ಲಿ ಎಂದು ಮನಸ್ಸು ಹೇಳುತ್ತದೆ, ಕಣ್ಣಿಗೆ ಸಂದುಗಳು ಕಾಣುತ್ತವಲ್ಲ. ನಿಜವಾಗಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಗುಂಡಗಿನ ಯಾವ ವಸ್ತುವನ್ನೇ ಆಗಲಿ ಸುಮ್ಮನೆ ಸುರಿದರೆ, ಅದು ಸಾಸಿವೆಯಾದರೂ ಸರಿ ಫಿರಂಗಿ ಗುಂಡಾದರೂ ಸರಿ, ಒಟ್ಟು ಜಾಗದಲ್ಲಿ ಸುಮಾರು ಶೇ 36ರಿಂದ 40ರಷ್ಟು ಖಾಲಿ ಉಳಿಯುತ್ತದೆ. ಒಂದು ಕಿಲೋ ರಾಗಿಯಲ್ಲಿ ಮೂರರಿಂದ ನಾಲ್ಕು ಲಕ್ಷ ಕಾಳುಗಳಿವೆ. ಅಷ್ಟೂ ಕಾಳಿನ ನಡುವೆ ಕೂದಲೆಳೆಯಂಥ ಸಂದುಗಳಲ್ಲಿ ಅಷ್ಟೇ ಗಾಳಿ ಹಂಚಿಹೋಗಿದೆ. ಗಾಳಿ ಎಷ್ಟಿದೆ ಎನ್ನುವುದರಲ್ಲಿ ರಾಗಿಗೂ ಕಾಯಿಗೂ ಭೇದವಿಲ್ಲ. ಆ ಗಾಳಿ ಕದಲಬಲ್ಲದೇ ಎನ್ನುವುದರಲ್ಲಿದೆ ಭೇದ.

ಕದಲಿಸುವ ಬಲ ಯಾವುದು? ಕೋಣೆಯ ಬಿಸಿಯಲ್ಲಿರುವ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ಅದನ್ನು 10 ಡಿಗ್ರಿ ಬಿಸಿ ಮಾಡಿದರೆ ಅಷ್ಟೇ ಜಾಗದಲ್ಲಿರುವ ಗಾಳಿ 40 ಗ್ರಾಂ ಹಗುರಾಗುತ್ತದೆ. ಆ 40 ಗ್ರಾಂ ವ್ಯತ್ಯಾಸವೇ ಎಲ್ಲ ಆಟದ ಬಂಡವಾಳ. ಹಗುರಾದದ್ದು ಮೇಲೇಳಲು ನೋಡುತ್ತದೆ, ತಣ್ಣನೆಯದು ಆ ಜಾಗಕ್ಕೆ ನುಗ್ಗಲು ನೋಡುತ್ತದೆ. ಬಯಲಿನಲ್ಲಾದರೆ ತಡೆಯುವವರಿಲ್ಲ. ಕಾಳಿನ ರಾಶಿಯೊಳಗೆ ಹೆಜ್ಜೆಹೆಜ್ಜೆಗೂ ಗೋಡೆ. ಗಾಳಿ ಪ್ರತಿಯೊಂದು ಕಾಳಿನ ಮೈಗೂ ಉಜ್ಜಿಕೊಂಡೇ ಹೋಗಬೇಕು.

ಈ ಉಜ್ಜಾಟದ ಲೆಕ್ಕವನ್ನು ಮೊದಲು ಹಿಡಿದವನು ಫ್ರಾನ್ಸಿನ ದಿಜೋನ್ ಊರಿನ ಎಂಜಿನಿಯರ್ ಹೆನ್ರಿ ಡಾರ್ಸಿ. ಊರಿನ ಕುಡಿಯುವ ನೀರಿನ ವ್ಯವಸ್ಥೆಯ ಮೇಲೆ 1856ರಲ್ಲಿ ಅವನು ಪ್ರಕಟಿಸಿದ ದೊಡ್ಡ ವರದಿಯ ಅನುಬಂಧದಲ್ಲಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಇಳಿಯುವ ವೇಗದ ಸರಳ ನಿಯಮವಿತ್ತು. ತಳ್ಳುವ ಒತ್ತಡ ಇಮ್ಮಡಿಯಾದರೆ ಹರಿವೂ ಇಮ್ಮಡಿ. ಆದರೆ ನಮಗೆ ಬೇಕಾದ ಗುಟ್ಟು ಆ ನಿಯಮದಲ್ಲಿ ಅಡಗಿರುವ ಇನ್ನೊಂದು ಸಂಗತಿ. ಸಂದಿನ ಸಲೀಸು ಕಾಳಿನ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಾಳು ಎರಡು ಪಟ್ಟು ದಪ್ಪವಾದರೆ ಹರಿವು ನಾಲ್ಕು ಪಟ್ಟು ಸಲೀಸು, ಹತ್ತು ಪಟ್ಟಾದರೆ ನೂರು ಪಟ್ಟು. ರಾಗಿಕಾಳು ಒಂದೂವರೆ ಮಿಲಿಮೀಟರ್, ಮಟ್ಟೆ ಸಮೇತ ತೆಂಗಿನಕಾಯಿ ಇಪ್ಪತ್ತು ಸೆಂಟಿಮೀಟರ್ ಎಂದಿಟ್ಟುಕೊಂಡರೆ ಕಾಯಿ ರಾಶಿಯ ಸಂದುಗಳು ರಾಗಿಗಿಂತ ಸುಮಾರು ಹದಿನೆಂಟು ಸಾವಿರ ಪಟ್ಟು ಸಲೀಸು. ಖಾಲಿ ಜಾಗ ಅಷ್ಟೇ, ದಾರಿ ಮಾತ್ರ ಹದಿನೆಂಟು ಸಾವಿರ ಪಟ್ಟು ಸಲೀಸು! ಅಟ್ಟ ಮತ್ತು ಹಗೇವಿನ ಅರ್ಧ ಗುಟ್ಟು ಈ ಒಂದು ವಾಕ್ಯದಲ್ಲಿದೆ. ಉಳಿದರ್ಧ, ಬಿಸಿ ಯಾವ ಕಡೆಯಿಂದ ಬರುತ್ತದೆ ಎನ್ನುವುದರಲ್ಲಿ.

ಕೆಳಗಿನ ಕಾವು

ರಾಶಿಯ ಅಡಿಯಲ್ಲಿ ಬಿಸಿ, ನೆತ್ತಿಯಲ್ಲಿ ತಂಪು ಇದ್ದರೆ ಕೆಳಗಿನ ಹಗುರ ಗಾಳಿ ಮೇಲೇಳಲೇಬೇಕು ಅನಿಸುತ್ತದೆ. ಯಾವಾಗಲೂ ಹಾಗಾಗುವುದಿಲ್ಲ. ಅದಕ್ಕೊಂದು ಹೊಸ್ತಿಲಿದೆ. ಬಿಸಿ ಗಾಳಿಯ ಒಂದು ತುಣುಕು ಮೇಲಕ್ಕೆ ಹೊರಟಿತೆನ್ನಿ. ಅದು ನಿಧಾನವಾಗಿ ತೆವಳುವಷ್ಟರಲ್ಲಿ ಅಕ್ಕಪಕ್ಕದ ಕಾಳುಗಳಿಗೆ ತನ್ನ ಬಿಸಿಯನ್ನು ಬಿಟ್ಟುಕೊಟ್ಟು ತಣ್ಣಗಾದರೆ, ಮೇಲೇಳುವ ಕಾರಣವೇ ಹೋಯಿತು. ಸಂದು ಅಗಲವಾಗಿದ್ದು, ತೆವಳುವುದು ಬೇಗ ಆದರೆ ಮಾತ್ರ ಬಿಸಿ ಸೋರುವ ಮೊದಲೇ ಅದು ನೆತ್ತಿ ಮುಟ್ಟೀತು. ಈ ಪೈಪೋಟಿಯನ್ನು ಒಂದೇ ಸಂಖ್ಯೆಯಲ್ಲಿ ಹಿಡಿದಿಡುವುದು ರೇಲಿ ಸಂಖ್ಯೆ. ತಳ್ಳುವ ಬಲ ಮೇಲೆ, ಉಜ್ಜಾಟ ಮತ್ತು ಬಿಸಿಯ ಸೋರಿಕೆ ಕೆಳಗೆ, ಭಾಗಿಸಿದರೆ ಬರುವ ಅಂಕಿ. ಭೂಗರ್ಭದ ಮರಳು ಪದರಗಳಲ್ಲಿ ಉಪ್ಪು ಹಂಚಿಹೋದ ಬಗೆಯನ್ನು ಬಿಡಿಸಲು ಹೊರಟ ಹಾರ್ಟನ್ ಮತ್ತು ರಾಜರ್ಸ್ ಎಂಬ ಇಬ್ಬರು 1945ರಲ್ಲಿ, ಅವರಿಂದ ಬೇರೆಯಾಗಿ ಕೇಂಬ್ರಿಜ್‌ನ ಲ್ಯಾಪ್‌ವುಡ್ 1948ರಲ್ಲಿ, ಹೊಸ್ತಿಲು ಎಲ್ಲಿದೆ ಎಂದು ಕಂಡುಹಿಡಿದರು. ಅದು ಪೈ ವರ್ಗದ ನಾಲ್ಕು ಪಟ್ಟು, ಅಂದರೆ 39.48. ಅದಕ್ಕಿಂತ ಕೆಳಗಿದ್ದರೆ ಗಾಳಿ ಮಿಸುಕುವುದಿಲ್ಲ. ಮೇಲಿದ್ದರೆ ತಾನೇ ಸುರುಳಿಯಾಗಿ ಸುತ್ತತೊಡಗುತ್ತದೆ.

ಎರಡು ಮೀಟರ್ ಎತ್ತರದ ರಾಗಿ ರಾಶಿಯ ತಳಕ್ಕೂ ನೆತ್ತಿಗೂ 10 ಡಿಗ್ರಿ ವ್ಯತ್ಯಾಸ ಇಟ್ಟು ಒರಟು ಲೆಕ್ಕ ಹಾಕಿದೆ. ಬಂದದ್ದು 0.7. ಹೊಸ್ತಿಲ ಹತ್ತಿರಕ್ಕೂ ಸುಳಿಯುವುದಿಲ್ಲ. ಒಂದೇ ಮೀಟರ್ ಎತ್ತರದ ತೆಂಗಿನಕಾಯಿ ರಾಶಿಗೆ ಅದೇ ಲೆಕ್ಕ ಹಾಕಿದರೆ ಆರು ಸಾವಿರ ದಾಟುತ್ತದೆ. (ಅಷ್ಟು ಅಗಲದ ಸಂದುಗಳಲ್ಲಿ ಡಾರ್ಸಿಯ ನಿಯಮ ತೊಡರುತ್ತದೆ, ಸುಳಿಗಳು ಏಳುತ್ತವೆ, ಅಂಕಿ ಕೆಳಗಿಳಿಯುತ್ತದೆ. ಆದರೂ ಹೊಸ್ತಿಲು ದಾಟುವ ವಿಷಯದಲ್ಲಿ ಅನುಮಾನವಿಲ್ಲ.) ಒಂದೇ ಮನೆಯ ಎರಡು ರಾಶಿಗಳು, ಒಂದರಲ್ಲಿ ಗಾಳಿ ಏಳುತ್ತದೆ, ಇನ್ನೊಂದರಲ್ಲಿ ಏಳಲಾರದು.

ಈಗ ಅಟ್ಟದ ಕೆಳಗೆ ನಿಂತು ತಲೆಯೆತ್ತಿ ನೋಡೋಣ. ತೊಲೆಗಳ ಮೇಲೆ ಅಡಿಕೆ ಮರದ ದಬ್ಬೆಗಳನ್ನು ಬೆರಳಗಲದ ಸಂದು ಬಿಟ್ಟು ಹೊದಿಸಿರುತ್ತಾರೆ. ಅದರ ಮೇಲೆ ಬಲಿತ ಕಾಯಿಗಳನ್ನು ಸುಲಿಯದೆ, ಮಟ್ಟೆ ಸಮೇತ ಸುರಿದಿರುತ್ತಾರೆ. ಮೇಲೆ ಹೆಂಚು. ಕೆಳಗೆ ಕೊಟ್ಟಿಗೆಯೋ ಅಡುಗೆಮನೆಯೋ ಇದ್ದರೆ ದನದ ಮೈಕಾವು, ಒಲೆಯ ಹೊಗೆ, ಹಂಡೆಯ ಬಿಸಿ ಎಲ್ಲ ದಬ್ಬೆಯ ಸಂದಿನಿಂದ ಮೇಲೇರುತ್ತವೆ. ಹೀಗೆ ಎಂಟು ತಿಂಗಳು, ಹತ್ತು ತಿಂಗಳು, ಕೆಲವೊಮ್ಮೆ ವರ್ಷ. ಒಳಗಿನ ಎಳನೀರಿನ ಶೇಷ ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಗಿಟಕು ಲೊಡಲೊಡ ಅನ್ನಬೇಕು, ಆಗ ಸುಲಿಯುವ ಕಾಲ ಬಂತೆಂದು ಲೆಕ್ಕ. ತಿಪಟೂರಿನ ಉಂಡೆ ಕೊಬ್ಬರಿ ಹುಟ್ಟುವುದು ಹೀಗೆ. ಹಸಿ ತಿರುಳಿನಲ್ಲಿ ತೂಕದ ಅರ್ಧದಷ್ಟು ನೀರಿರುತ್ತದೆ. ಮಾರುಕಟ್ಟೆಗೆ ಬರುವ ಕೊಬ್ಬರಿಯಲ್ಲಿ ಅದು ಶೇ 7ಕ್ಕೆ ಇಳಿದಿರಬೇಕು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ಬೆಲೆಯಲ್ಲಿ ಗಾಳಿಯ ಕೂಲಿಯೂ ಸೇರಿದೆ ಎನ್ನಬಹುದು, ಅದನ್ನು ಯಾರೂ ಗಾಳಿಗೆ ಕೊಡುವುದಿಲ್ಲವಾದರೂ.

ಎಷ್ಟು ಗಾಳಿ ಬೇಕು? ನೀರು, ತಿರುಳಿನ ತೇವ ಎರಡೂ ಸೇರಿ ಕಾಯಿಯೊಂದರಿಂದ ಸುಮಾರು 200 ಮಿಲಿಲೀಟರ್ ಹೋಗಬೇಕು ಎನ್ನೋಣ. ಹತ್ತು ಸಾವಿರ ಕಾಯಿಯ ಅಟ್ಟವಾದರೆ ವರ್ಷಕ್ಕೆ ಎರಡು ಸಾವಿರ ಲೀಟರ್ ನೀರು, ಆವಿಯಾಗಿ, ಯಾರ ಕಣ್ಣಿಗೂ ಬೀಳದೆ ಹೆಂಚಿನ ಸಂದಿನಿಂದ ಹೊರಟುಹೋಗಬೇಕು. ಪ್ರತಿ ಘನ ಮೀಟರ್ ಗಾಳಿ 5 ಗ್ರಾಂ ತೇವ ಹೊತ್ತೊಯ್ದರೆ, ದಿನಕ್ಕೆ ಸಾವಿರ ಘನ ಮೀಟರಿಗೂ ಮಿಗಿಲು ಗಾಳಿ ಆ ರಾಶಿಯನ್ನು ಹಾಯಬೇಕಾಗುತ್ತದೆ. ದೊಡ್ಡ ಅಂಕಿ ಅನಿಸುತ್ತದೆ. ಅಟ್ಟದ ವಿಸ್ತಾರದಿಂದ ಭಾಗಿಸಿ ನೋಡಿದರೆ ಗಂಟೆಗೆ ಒಂದೂವರೆ ಮೊಳ ಮಾತ್ರ. ಕಾಯಿಗಳ ನಡುವಿನ ಗಾಳಿ ಸುತ್ತಲಿಗಿಂತ ಒಂದೇ ಒಂದು ಡಿಗ್ರಿ ಬಿಸಿಯಿದ್ದರೂ ಸೆಕೆಂಡಿಗೆ ಒಂದೆರಡು ಸೆಂಟಿಮೀಟರ್ ವೇಗದಲ್ಲಿ ಏಳಬಲ್ಲದು. ಬೇಕಾದದ್ದಕ್ಕಿಂತ ಅದು ಐವತ್ತರಿಂದ ನೂರು ಪಟ್ಟು ಹೆಚ್ಚು. ಅಂದಮೇಲೆ ಅಟ್ಟದಲ್ಲಿ ಗಾಳಿಯ ಕೊರತೆ ಎಂದೂ ಇಲ್ಲ. ಕೊಬ್ಬರಿ ವರ್ಷ ಹಿಡಿಯುವುದು ಮಟ್ಟೆ ಮತ್ತು ಚಿಪ್ಪು ನೀರನ್ನು ಜಿಪುಣತನದಿಂದ ಬಿಡುವುದರಿಂದ. ಗಾಳಿಯ ಕೆಲಸ ಒಂದೇ, ಹೊರಬಂದ ತೇವ ಮಟ್ಟೆಯ ಮೇಲೆ ಕೂತು ಬೂಸ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದು. ಇದಕ್ಕೇ ಅವಸರದ ಬೆಂಕಿಯಿಂದ ಪ್ರಯೋಜನವಿಲ್ಲ. ಕಾವು ಜೋರು ಮಾಡಿದರೆ ತಿರುಳು ಕಂದಿ ಬೆಲೆ ಬೀಳುತ್ತದೆಯೇ ಹೊರತು ಒಳಗಿನ ನೀರು ಹಾಗೆ ಓಡಿಹೋಗುವುದಿಲ್ಲ.

ಮೇಲಿನ ಬಿಸಿಲು

ಹಗೇವಿಗೆ ಬಿಸಿ ಬರುವುದು ಮೇಲಿನಿಂದ. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿ, ಅಗಲವಾದ ಒಡಲು ಇರುವಂತೆ ತೋಡಿದ ಗುಂಡಿ. ಒಳಗೋಡೆಗೆ ಹುಲ್ಲಿನ ಹೊದಿಕೆ, ನಡುವೆ ರಾಗಿ, ಬಾಯಿಗೆ ಮತ್ತೆ ಹುಲ್ಲು, ಅದರ ಮೇಲೆ ಕಲ್ಲು ಚಪ್ಪಡಿ, ಸುತ್ತ ಮಣ್ಣು ಮೆತ್ತಿ ಭದ್ರ ಮಾಡಿದರೆ ಮುಗಿಯಿತು. ಏಪ್ರಿಲ್ ಮಧ್ಯಾಹ್ನ ಅಂಗಳ ಕಾಲಿಡಲಾಗದಷ್ಟು ಕಾದಿರುತ್ತದೆ. ಆದರೆ ಹಗಲು–ರಾತ್ರಿಯ ಏರಿಳಿತ ಮಣ್ಣಿನಲ್ಲಿ ಒಂದೆರಡು ಅಡಿ ಇಳಿಯುವಷ್ಟರಲ್ಲಿ ಅಡಗಿಹೋಗುತ್ತದೆ. ಎರಡು ಆಳು ಆಳದಲ್ಲಿ ವರ್ಷವಿಡೀ 25 ಡಿಗ್ರಿಯ ಆಸುಪಾಸು. ಮೇಲೆ ಬಿಸಿ, ಕೆಳಗೆ ತಂಪು ಎಂದರೆ ಹಗುರದ ಗಾಳಿ ಆಗಲೇ ಮೇಲಿದೆ, ಭಾರದ್ದು ಆಗಲೇ ಕೆಳಗಿದೆ. ಯಾರೂ ಜಾಗ ಬದಲಿಸಬೇಕಾದ ಅಗತ್ಯವಿಲ್ಲ. ಸಂದು ಎಷ್ಟೇ ಅಗಲವಿರಲಿ, ಬಿಸಿ ಎಷ್ಟೇ ಇರಲಿ, ಮೇಲಿನಿಂದ ಕಾಯಿಸಿದರೆ ಸುರುಳಿ ಏಳುವುದೇ ಇಲ್ಲ. ರಾಗಿಯ ಕಿರಿದಾದ ಸಂದು ಒಂದು ಬೀಗ, ಮೇಲಿನ ಬಿಸಿಲು ಎರಡನೆಯ ಬೀಗ. ಹೊರಗಿನ ತೇವದ ಗಾಳಿ ಒಳಹೊಗದು, ಒಳಗಿನದು ಹೊರಬಾರದು. ಒಳಗೆ ಸಿಕ್ಕಿಕೊಂಡ ಗಾಳಿಯ ಆಮ್ಲಜನಕವನ್ನು ಕಾಳು ತಾನೇ ಉಸಿರಾಡಿ ಮುಗಿಸುತ್ತದೆ, ಹುಳ ಹುಟ್ಟಿದರೂ ಬದುಕುವುದಿಲ್ಲ. ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿದ್ದದ್ದು ಬರಗಾಲದ ನಾಡಿಗೆ ಸಣ್ಣ ಮಾತಲ್ಲ.

ಇದೇ ನಿಶ್ಚಲತೆಯ ಕರಾಳ ಮುಖವೂ ಉಂಟು. ಹಗೇವು ತೆಗೆಯುವಾಗ ಚಪ್ಪಡಿ ಸರಿಸಿ, ಬಹಳ ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುವುದು ಹಿರಿಯರ ಪದ್ಧತಿ. ದೀಪ ನಂದಿದರೆ ಯಾರೂ ಇಳಿಯುವಂತಿಲ್ಲ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಜೊತೆಗೆ ಗುಂಡಿಯೊಳಗೆ ತಂಪು. ಬೇಸಿಗೆಯ ಮಧ್ಯಾಹ್ನ ಹೊರಗೆ 36 ಡಿಗ್ರಿ ಇರುವಾಗ ಅದು ಬಾಯಿ ತೆರೆದಿದ್ದರೂ ಬಾವಿಯ ನೀರಿನಂತೆ ಅಲ್ಲೇ ಕೂತಿರುತ್ತದೆ. ಮಾಗಿಯ ಮುಂಜಾವದಲ್ಲಿ ಹೊರಗೆ 15 ಡಿಗ್ರಿ ಇದ್ದರೆ ಚಿತ್ರ ಬದಲಾಗುತ್ತದೆ. ಒಳಗಿನ ಇಂಗಾಲದ ಡೈಆಕ್ಸೈಡ್ ತೀರ ಹೆಚ್ಚಿಲ್ಲದಿದ್ದರೆ, ಹೊರಗಿನ ತಣ್ಣನೆಯ ಭಾರದ ಗಾಳಿ ಒಳಗಿಳಿದು ಒಳಗಿನದನ್ನು ಮೇಲೆ ನೂಕಬೇಕು. ಲೆಕ್ಕ ಹಾಗೆ ಹೇಳುತ್ತದೆ ಎಂದು ಯಾರೂ ಹಗೇವಿಗೆ ಇಳಿಯಬೇಡಿ. ದೀಪವೂ ಪೂರ್ತಿ ನಂಬಿಕೆಯ ಸಾಕ್ಷಿಯಲ್ಲ, ಉರಿಯುತ್ತಿದ್ದರೂ ಮನುಷ್ಯನಿಗೆ ಸಾಲದಷ್ಟು ಗಾಳಿ ಅಲ್ಲಿರಬಹುದು.

ಪಕ್ಕದ ಗೋಡೆ

ಕೆಳಗಿನ ಬಿಸಿಗೆ ಹೊಸ್ತಿಲಿದೆ, ಮೇಲಿನ ಬಿಸಿಗೆ ಬಾಗಿಲೇ ಇಲ್ಲ. ಪಕ್ಕದಿಂದ ಬರುವ ಬಿಸಿಗೆ ಹೊಸ್ತಿಲಿಲ್ಲ, ಬಾಗಿಲು ಸದಾ ತೆರೆದೇ ಇರುತ್ತದೆ. ಪಡುವಣ ಬಿಸಿಲಿಗೆ ಕಾದ ಗೋಡೆಗೆ ಒರಗಿದ ರಾಶಿಯಲ್ಲಿ, ಗೋಡೆ ಅರ್ಧ ಡಿಗ್ರಿ ಬಿಸಿಯಾದರೂ ಅದರ ಮಗ್ಗುಲಿನ ಗಾಳಿ ಮೇಲೇಳತೊಡಗುತ್ತದೆ. ವೇಗ ಕಡಿಮೆ ಇರಬಹುದು, ಆದರೆ ಶೂನ್ಯವಲ್ಲ. ರಾಗಿಯ ರಾಶಿಯಲ್ಲಿ ಗೋಡೆ 10 ಡಿಗ್ರಿ ಬಿಸಿಯಿದ್ದರೆ ಗಾಳಿ ಗಂಟೆಗೆ ಒಂದು ಗೇಣಿಗಿಂತ ತುಸು ಕಡಿಮೆ ತೆವಳುತ್ತದೆ. ಇದರ ಜೊತೆಗೆ ಗೋಡೆಯದೇ ಒಂದು ಕಿತಾಪತಿ ಇದೆ. ಗುಂಡು ಕಾಳುಗಳು ಪರಸ್ಪರ ಕಚ್ಚಿಕೊಂಡು ಕೂರುವ ಹಾಗೆ ಚಪ್ಪಟೆ ಗೋಡೆಯನ್ನು ಕಚ್ಚಿಕೊಳ್ಳಲಾರವು. ಹಾಗಾಗಿ ಗೋಡೆಗೆ ತಾಗಿದ ಒಂದೆರಡು ಕಾಳಿನ ದಪ್ಪದಷ್ಟು ಪಟ್ಟಿಯಲ್ಲಿ ಸಂದು ಉಳಿದೆಡೆಗಿಂತ ಹೆಚ್ಚು. ಬಿಸಿಯೂ ಅಲ್ಲೇ, ಸಲೀಸು ದಾರಿಯೂ ಅಲ್ಲೇ.

ಈ ‘ಬಿಸಿ ಗೋಡೆಯ ಪಕ್ಕದ ಸರಂಧ್ರ ಮಾಧ್ಯಮ’ ಎಂಬ ಪ್ರಶ್ನೆ 1977ರಲ್ಲಿ ಹೆಸರು ಮಾಡಿತು. ಪಿಂಗ್ ಚೆಂಗ್ ಮತ್ತು ಮಿಂಕೋವಿಚ್ ಎಂಬ ಇಬ್ಬರು ಅಮೆರಿಕದಲ್ಲಿ ಪ್ರಕಟಿಸಿದ ಪ್ರಬಂಧದ ಗೋಡೆ ಗೋದಾಮಿನದಲ್ಲ, ಭೂಗರ್ಭದ ಡೈಕಿನದು. ಶಿಲಾಪಾಕ ಬಂಡೆಯ ಬಿರುಕಿನೊಳಗೆ ನುಗ್ಗಿ ನಿಂತ ಕಲ್ಲಿನ ಗೋಡೆಗೆ ಡೈಕ್ ಎನ್ನುತ್ತಾರೆ. ಅದರ ಸುತ್ತ ನೀರು ತುಂಬಿದ ಪದರವಿದ್ದರೆ, ಗೋಡೆಯ ಬಿಸಿಗೆ ನೀರು ತೆಳು ಪದರವಾಗಿ ಮೇಲೇಳುತ್ತದೆ. ಅವರ ಲೆಕ್ಕದ ಸಾರ ಸರಳ. ಗೋಡೆ ಹತ್ತುತ್ತ ಹೋದಂತೆ ಏಳುವ ಪದರ ದಪ್ಪವಾಗುತ್ತದೆ, ಆದರೆ ಎತ್ತರ ನಾಲ್ಕು ಪಟ್ಟಾದಾಗ ದಪ್ಪ ಎರಡೇ ಪಟ್ಟು. ಕಿಲೋಮೀಟರ್ ಎತ್ತರದ ಡೈಕಿನ ಪಕ್ಕದಲ್ಲಿ ಬಿಸಿನೀರಿನ ಪದರ ಹತ್ತಾರು ಮೀಟರ್ ದಪ್ಪವಿರಬಹುದು. ಇದೇ ಸೂತ್ರವನ್ನು ಅಟ್ಟದ ಕಾಯಿ ರಾಶಿಗೆ ಹಾಕಿದರೆ ಪದರದ ದಪ್ಪ 8 ಸೆಂಟಿಮೀಟರ್ ಬರುತ್ತದೆ. ಒಂದು ಕಾಯಿಯ ಅರ್ಧವೂ ಇಲ್ಲ! ಕಾಯಿಗಿಂತ ತೆಳ್ಳಗಿನ ಪದರ ಕಾಯಿಗಳ ರಾಶಿಯೊಳಗೆ ಹರಿಯುವುದು ಹೇಗೆ? ಹರಿಯದು. ಸೂತ್ರ ತನ್ನ ಗಡಿ ದಾಟಿದೆ ಎಂದು ತಾನೇ ಹೇಳುತ್ತಿದೆ ಅಷ್ಟೆ.

ಡೈಕುಗಳಿಗಾಗಿ ನಾವು ದೂರ ಹೋಗಬೇಕಿಲ್ಲ. ಬೆಂಗಳೂರು, ತುಮಕೂರು ಸೀಮೆಯ ನೈಸ್ ಬಂಡೆಯನ್ನು ಸೀಳಿ ನಿಂತ ಡಾಲರೈಟ್ ಡೈಕುಗಳು ಎಷ್ಟೋ ಕಡೆ ಹೊಲಗಳ ನಡುವೆ ಕರಿಗುಂಡುಗಳ ಉದ್ದನೆಯ ದಿಣ್ಣೆಯಾಗಿ ಕಾಣುತ್ತವೆ. ಬೆಂಗಳೂರು ಸುತ್ತಿನ ಪೂರ್ವ–ಪಶ್ಚಿಮ ಡೈಕು ಸಮೂಹದ ವಯಸ್ಸು ಸುಮಾರು 237 ಕೋಟಿ ವರ್ಷ. ಅವು ಸಾವಿರ ಡಿಗ್ರಿಗೂ ಮೀರಿದ ಬಿಸಿಯಲ್ಲಿ ನುಗ್ಗಿ ಬಂದಾಗ ಸುತ್ತಲಿನ ಬಿರುಕುಗಳಲ್ಲಿ ನೀರಿದ್ದರೆ ಅದು ಕುದಿದು ಮೇಲೆದ್ದಿರಲೇಬೇಕು. ಈಗ ಆ ಗೋಡೆಗಳು ತಣ್ಣಗಾಗಿ ಯುಗಗಳೇ ಕಳೆದಿವೆ. ಇಂದು ರೈತನಿಗೆ ಅವುಗಳ ನೆನಪು ಬರುವುದು ಬೋರ್‌ವೆಲ್ ಕೊರೆಸುವಾಗ. ಅಂತರ್ಜಲದ ದಾರಿಗೆ ಅಡ್ಡ ನಿಂತ ಡೈಕಿನ ಒಂದು ಮಗ್ಗುಲಲ್ಲಿ ನೀರು ನಿಂತು, ಇನ್ನೊಂದು ಮಗ್ಗುಲು ಒಣಗಿರುವುದುಂಟು. ಬಿಸಿಯಿಂದ ನೀರು ಕಲ್ಲಿನ ಸಂದುಗಳಲ್ಲಿ ಮೇಲೇರುವುದನ್ನು ಕಣ್ಣಾರೆ ನೋಡಬೇಕೆಂದರೆ ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆಗೆ, ಬೆಂದ್ರ್ ತೀರ್ಥಕ್ಕೆ ಹೋಗಬೇಕು. ಕರ್ನಾಟಕದ ಬಿಸಿನೀರಿನ ಬುಗ್ಗೆ ಅದು.

ಬೆಂಗಳೂರಿಗೂ ಈ ಗಣಿತಕ್ಕೂ ಹಳೆಯ ನಂಟು. ಸೆಂಟ್ರಲ್ ಕಾಲೇಜಿನ ಗಣಿತ ವಿಭಾಗದಲ್ಲಿ ಪ್ರೊ. ಎನ್. ರುದ್ರಯ್ಯ ಕಟ್ಟಿದ ದ್ರವ ಚಲನೆಯ ಪರಂಪರೆ ದೇಶಾಚೆಗೂ ಹೆಸರಾಯಿತು. ಮುಂದೆ ಅವರು ಗುಲಬರ್ಗಾ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಚೆಂಗ್ ಮತ್ತು ಮಿಂಕೋವಿಚ್ ಪ್ರಬಂಧ ಬಂದ ಅದೇ 1977ರಲ್ಲಿ ರುದ್ರಯ್ಯ ಮತ್ತು ಎಸ್.ಟಿ. ನಾಗರಾಜ್, ಎರಡು ನೆಟ್ಟನೆಯ ಗೋಡೆಗಳ ನಡುವಿನ ಸರಂಧ್ರ ಪದರದಲ್ಲಿ ಬಿಸಿಯಿಂದೇಳುವ ಹರಿವಿನ ಬಗ್ಗೆ ಬರೆದರು. ಇನ್ನೊಂದು ಹೆಸರು ಕನ್ನಡ ಓದುಗರಿಗೆ ಬೇರೆ ಕಾರಣಕ್ಕೆ ಪರಿಚಿತ. ಭಾರತೀಯ ಖಗೋಳ ಮತ್ತು ಗಣಿತದ ಇತಿಹಾಸವನ್ನು ಜನರಿಗೆ ಮುಟ್ಟಿಸಿದ ಎಸ್. ಬಾಲಚಂದ್ರ ರಾವ್ ರುದ್ರಯ್ಯನವರ ಜೊತೆ ಸರಂಧ್ರ ಮಾಧ್ಯಮದ ಸಂವಹನದ ಮೇಲೆ ಪ್ರಬಂಧ ಬರೆದವರು. ಆರ್ಯಭಟ, ಭಾಸ್ಕರರ ಲೆಕ್ಕಗಳ ಬೆನ್ನು ಹತ್ತಿದ ವಿದ್ವಾಂಸರ ಕೈ ಮೊದಲು ಪಳಗಿದ್ದು ಇಂಥ ಸಮೀಕರಣಗಳ ಮೇಲೆ.

ಈ ಪರಂಪರೆಯ ಬಗ್ಗೆ ಹೆಮ್ಮೆ ಇಟ್ಟುಕೊಂಡೇ ಒಂದು ತಕರಾರು. ಈ ವಿಷಯದ ಪ್ರಬಂಧಗಳ ಮೊದಲ ಪ್ಯಾರಾದಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ: ಭೂಶಾಖ, ಪರಮಾಣು ತ್ಯಾಜ್ಯ, ಶಾಖ ನಿರೋಧಕಗಳು, ಧಾನ್ಯ ಸಂಗ್ರಹಣೆ. ಎರಡನೆಯ ಪ್ಯಾರಾದಿಂದ ಸಮೀಕರಣ ಶುರುವಾದರೆ ಧಾನ್ಯ ಮತ್ತೆ ತಲೆಹಾಕುವುದಿಲ್ಲ. ಗೋಡೆಗೆ ಅಯಸ್ಕಾಂತ ಹಿಡಿಯುತ್ತಾರೆ, ದ್ರವಕ್ಕೆ ನ್ಯಾನೊ ಕಣ ಬೆರೆಸುತ್ತಾರೆ, ಗೋಡೆಯನ್ನು ಹಿಗ್ಗಿಸುತ್ತಾರೆ. ರಾಗಿಯೊಳಗೆ ಥರ್ಮಾಮೀಟರ್ ಚುಚ್ಚುವವರು ಅಪರೂಪ. ತುಮಕೂರಿನಲ್ಲಿ 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವೂ ಎಪಿಎಂಸಿ ಅಂಗಳವೂ ಬೆಂಗಳೂರು–ಹೊನ್ನಾವರ ರಸ್ತೆಯ ಆಸುಪಾಸಿನಲ್ಲೇ ಇವೆ. ನಡುವಿನ ದೂರ ಆಟೋದವರು ಮುಖ ಸಿಂಡರಿಸುವಷ್ಟು ಕಡಿಮೆ.

ಅಂಗಳದಲ್ಲಿ ಬಿಡಿಸಬೇಕಾದ ಒಗಟುಗಳಿಗೆ ಬರವಿಲ್ಲ. ರಾಗಿ ಅಲ್ಲಿ ರಾಶಿಯಾಗಿ ಇರುವುದಿಲ್ಲ, ಚೀಲದಲ್ಲಿರುತ್ತದೆ. ಚೀಲದ ಮೇಲೆ ಚೀಲ ಒಟ್ಟಿದ ನಿಟ್ಟಿನಲ್ಲಿ ಎರಡು ಬಗೆಯ ಸಂದುಗಳಿವೆ. ಚೀಲದೊಳಗೆ ಕಾಳಿನ ನಡುವಿನ ಕೂದಲೆಳೆ, ಚೀಲಚೀಲಗಳ ನಡುವೆ ಬೆರಳು ತೂರುವ ಗಲ್ಲಿ. ವರ್ಗದ ನಿಯಮ ನೆನಪಿಟ್ಟುಕೊಂಡರೆ ಗಾಳಿ ಯಾವ ದಾರಿ ಹಿಡಿಯುತ್ತದೆ ಎನ್ನುವುದು ಸ್ಪಷ್ಟ. ಹರಿವೆಲ್ಲ ಗಲ್ಲಿಯಲ್ಲಿ, ಚೀಲದ ಹೊಟ್ಟೆಯೊಳಗೆ ಏನೂ ಇಲ್ಲ. ಹಾಗಾಗಿ ನಿಟ್ಟಿನ ಹೊರಮೈ ತಂಪಾಗಿ ಗಾಳಿಯಾಡಿದಂತೆ ಕಂಡರೂ ಚೀಲದ ನಡುವಿನ ಕಾಳು ತನ್ನ ಕಾವಿನಲ್ಲೇ ಇರಬಹುದು. ಖರೀದಿ ಕೇಂದ್ರದಲ್ಲಿ ಚೀಲದ ನಡುವಿಗೆ ಕೊಳವೆ ಚುಚ್ಚಿ ಮಾದರಿ ತೆಗೆಯುವುದು ಇದಕ್ಕೇ. ಗೋದಾಮುಗಳಲ್ಲಿ ಚೀಲಗಳನ್ನು ನೆಲಕ್ಕೆ ತಾಗಿಸದೆ ಮರದ ಚೌಕಟ್ಟಿನ ಮೇಲೆ, ಗೋಡೆಗೆ ತಾಗಿಸದೆ ಆಳು ನಡೆದಾಡುವಷ್ಟು ಜಾಗ ಬಿಟ್ಟು ಒಟ್ಟುವ ನಿಯಮಕ್ಕೂ ಈ ಭೌತವಿಜ್ಞಾನ ಒಪ್ಪುತ್ತದೆ. ಕಾದ ಗೋಡೆಯ ಮಗ್ಗುಲಲ್ಲಿ ಏಳುವ ಗಾಳಿ ಆಗ ಚೀಲದ ಬದಲು ಖಾಲಿ ಓಣಿಯಲ್ಲಿ ಏಳುತ್ತದೆ.

ಬಯಲಿನಲ್ಲಿ ಟಾರ್ಪಾಲು ಹೊದಿಸಿದ ನಿಟ್ಟಿನ ಕಥೆ ಇನ್ನೂ ನೇರ. ಹಗಲೆಲ್ಲ ಕಾದ ಚೀಲಗಳು, ರಾತ್ರಿ ಆಕಾಶಕ್ಕೆ ಬಿಸಿ ಬಿಟ್ಟು ತಣ್ಣಗಾಗುವ ಟಾರ್ಪಾಲು. ಕೆಳಗೆ ಬಿಸಿ, ಮೇಲೆ ತಂಪು. ಗಲ್ಲಿಗಳಲ್ಲಿ ಗಾಳಿ ಏಳುತ್ತದೆ, ತನ್ನೊಡನೆ ಕಾಳಿನ ತೇವ ಹೊತ್ತು ಟಾರ್ಪಾಲಿನ ಒಳಮೈಗೆ ತಾಗಿ ಹನಿಯಾಗುತ್ತದೆ. ಬೆಳಿಗ್ಗೆ ಮಳೆಯೇ ಬಾರದಿದ್ದರೂ ಮೇಲಿನ ಸಾಲಿನ ಚೀಲಗಳು ಒದ್ದೆ. ಸಂಗ್ರಹಕ್ಕೆ ತಕ್ಕ ರಾಗಿಯಲ್ಲಿ ತೇವ ಶೇ 12 ಮೀರಬಾರದು; ನಿಟ್ಟಿನ ಸರಾಸರಿ ಅದರೊಳಗೇ ಇದ್ದರೂ ಮೇಲಿನ ಸಾಲು ಮಾತ್ರ ಅದನ್ನು ಮೀರಿಬಿಡಬಹುದು. ಹೊರಗಿನಿಂದ ಒಂದು ಹನಿಯೂ ಸೇರಿಲ್ಲ, ಒಳಗಿನ ತೇವವೇ ಜಾಗ ಬದಲಿಸಿದೆ.

ಅಮೆರಿಕದ ಮೆಕ್ಕೆಜೋಳದ ನಾಡಿನಲ್ಲಿ ಇದೇ ಕಾಟ ದೊಡ್ಡ ಪ್ರಮಾಣದಲ್ಲಿದೆ. ಎಂಟು ಮಿಲಿಮೀಟರಿನ ಕಾಳು, ಹತ್ತು ಮೀಟರ್ ಎತ್ತರದ ತಗಡಿನ ಕಣಜ, ಚಳಿಗಾಲದಲ್ಲಿ ಒಳಗೂ ಹೊರಗೂ ಇಪ್ಪತ್ತು ಡಿಗ್ರಿ ಅಂತರ ಎಂದರೆ ರೇಲಿ ಸಂಖ್ಯೆ 200ರ ಸುತ್ತ, ಹೊಸ್ತಿಲಿನ ಐದು ಪಟ್ಟು. ತಣ್ಣನೆಯ ಗೋಡೆಯ ಮಗ್ಗುಲಲ್ಲಿ ಗಾಳಿ ಇಳಿದು, ನಡುವಿನ ಬೆಚ್ಚನೆಯ ಕಾಳಿನ ಮೂಲಕ ಏರಿ, ನೆತ್ತಿಯ ತಣ್ಣನೆಯ ಕಾಳಿಗೆ ತೇವ ಇಳಿಸಿ ಹೋಗುತ್ತದೆ. ವಸಂತದ ಹೊತ್ತಿಗೆ ಮೇಲೆ ಬೂಸ್ಟಿನ ಹೆಪ್ಪು. ಅದಕ್ಕೇ ಅವರು ಫ್ಯಾನು ಹಾಕಿ ಕಾಳನ್ನು ಒಂದೇ ಹದದ ತಂಪಿಗೆ ತರುತ್ತಾರೆ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳಕ್ಕೆ ತಗಡಿನ ಎತ್ತರದ ಕಣಜಗಳು ಬಂದಷ್ಟೂ ನಮ್ಮವರಿಗೂ ಈ ಲೆಕ್ಕ ಬೇಕಾಗುತ್ತದೆ. ರಾಗಿಯವರಿಗೆ ಅಷ್ಟು ಚಿಂತೆಯಿಲ್ಲ, ಸಣ್ಣ ಕಾಳು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ.

ತುರ್ತಾಗಿ ಅಳೆಯಬೇಕಾದದ್ದು ಅಟ್ಟ. ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು, ಕೊಟ್ಟಿಗೆ ದೂರ ಸರಿಯಿತು, ಅಡುಗೆ ಗ್ಯಾಸಿಗೆ ಬಂತು. ಈಗ ಕಾಯಿ ಒಣಗುವುದು ತೋಟದ ಬದಿಯ ತಗಡಿನ ಶೆಡ್ಡುಗಳಲ್ಲಿ. ಕೆಳಗಿನ ಕಾವು ಹೋಗಿ ಮೇಲಿನ ತಗಡಿನ ಬಿಸಿ ಉಳಿದಿದೆ. ಮೇಲಿನ ಬಿಸಿಯಿಂದ ಗಾಳಿ ಏಳುವುದಿಲ್ಲವೆಂದು ಆಗಲೇ ನೋಡಿದೆವು. ತಗಡಿನ ನೆತ್ತಿಯಲ್ಲಿ ಕಿಂಡಿಯಿದ್ದರೆ ಬಿಸಿಗಾಳಿ ಅದರಿಂದ ಹೊರಟು, ದಬ್ಬೆಯ ಕೆಳಗಿನಿಂದ ಹೊಸ ಗಾಳಿಯನ್ನು ರಾಶಿಯ ಮೂಲಕ ಎಳೆದೀತು. ಕಿಂಡಿ ಇಲ್ಲದಿದ್ದರೆ ಹಗಲಿಡೀ ರಾಶಿ ಉಸಿರು ಹಿಡಿದು ಕೂತು, ರಾತ್ರಿ ತಗಡು ತಣ್ಣಗಾದ ಮೇಲೆ ಏಳುವ ಗಾಳಿ ತಗಡಿನ ಒಳಮೈಗೆ ತೇವ ಅಂಟಿಸಿ, ಅದೇ ಹನಿಯಾಗಿ ಕಾಯಿಯ ಮೇಲೆ ಬೀಳುತ್ತದೆ. ಕೊಬ್ಬರಿಗೆ ಕೌಟು ವಾಸನೆ ಹತ್ತಿತೆಂದು ಮಳೆಯನ್ನು ಬೈಯುವ ಮೊದಲು ಮೂರು ಕಡೆ ಅಗ್ಗದ ಡಿಜಿಟಲ್ ಥರ್ಮಾಮೀಟರ್ ಕಟ್ಟಿ ನೋಡಬೇಕು: ದಬ್ಬೆಯ ಅಡಿ, ರಾಶಿಯ ನಡುವೆ, ತಗಡಿನ ಕೆಳಗೆ. ರಾತ್ರಿ ಎರಡು ಗಂಟೆಗೆ ತಗಡಿನ ಕೆಳಗಿನ ಅಂಕಿ ನಡುವಿನ ಅಂಕಿಗಿಂತ ನಾಲ್ಕೈದು ಡಿಗ್ರಿ ಇಳಿದಿದ್ದರೆ, ನೆತ್ತಿಯಲ್ಲಿ ಕಿಂಡಿ ತೆಗೆಯಲು ಬಡಗಿಗೆ ಹೇಳಿ ಕಳಿಸುವುದು ಒಳ್ಳೆಯದು.